ಯಶಶ್ರೀಯ ಪದಗಳು

ಪರೀಕ್ಷೆ ಮುಗಿಯುತ್ತ ಬಂದಿತ್ತು. ಯಶಶ್ರೀಯ ಟ್ಯಾಬ್ಲೆಟ್‌ನಲ್ಲಿ ಒಂದೂವರೆ ಸಾಲು ಮಾತ್ರ!

"ಮಿಸ್, ಇವ್ಳು ಅಳ್ತಿದಾಳೆ," ಎಂದ ಪಕ್ಕದಲ್ಲಿದ್ದ ಕುಶಾಲ್.

ಮೈತ್ರೇಯಿ ಓಡಿ ಬಂದರು. ಬಸವನಗುಡಿಯ ಆ ಶಾಲೆಯಲ್ಲಿ ಅಂಗವೈಕಲ್ಯವಿರುವ ಮಕ್ಕಳ ಕಲಿಕೆ ಅವರ ಜವಾಬ್ದಾರಿ. ಒಂಬತ್ತನೇ ತರಗತಿಯ ಯಶಶ್ರೀಗೆ ಮಾತು ಸ್ಪಷ್ಟವಿಲ್ಲ. ಹಿಡಿತಕ್ಕೆ ಸಿಗುವುದು ಒಂದೇ ಬೆರಳು. ಅದರಿಂದಲೇ ಬರೆಯುತ್ತಾಳೆ. 'ಗ' ಒತ್ತಿದರೆ ಸಾಕು, 'ಗವಿಪುರಂ', 'ಗಂಗಾಧರೇಶ್ವರ' ಎಂದು ಅವಳೇ ಹಿಂದೆ ಬರೆದ ಪದಗಳು ತೆರೆಯ ಮೇಲೆ ಬರುತ್ತವೆ, ಬೇಕಾದ್ದನ್ನು ಮುಟ್ಟಿದರಾಯಿತು. ಇವತ್ತು ಒಂದೂ ಬಂದಿಲ್ಲ. ವರ್ಷಗಟ್ಟಲೆ ಕೂಡಿಸಿದ ಪದಗಳನ್ನು ಯಾರೋ ಅಳಿಸಿದ್ದರು. ಅಳಿಸಲು ಪಾಸ್‌ವರ್ಡ್ ಬೇಕು. ಯಾರಿಗೆ ಗೊತ್ತಿತ್ತು?

"ಶ್ರೀಹರಿ ಸರ್, ನಿನ್ನೆ ನೀವು ಅಪ್‌ಡೇಟ್ ಮಾಡಿದ್ರಲ್ಲ—?"

"ಮಾಡ್ದೆ. ಆಮೇಲೆ ನನ್ನೆದುರಿಗೇ ಅರ್ಧ ಪುಟ ಬರೆದ್ಲು. ಪದಗಳೆಲ್ಲ ಸರಿಯಾಗಿ ಬರ್ತಿದ್ವು," ಎಂದರು ಕಂಪ್ಯೂಟರ್ ಮೇಷ್ಟ್ರು.

"ಕುಶಾಲ್, ಈ ಟ್ಯಾಬ್ಲೆಟ್ಟೇ ಎಲ್ಲ ಬರೆದ್ಕೊಡುತ್ತೆ ಅಂತ ಗೊಣಗಿದ್ದು ನೀನೇ ತಾನೆ?"

"ಗೊಣಗಿದ್ದೆ ಮಿಸ್. ಆದ್ರೆ ಮುಟ್ಟಿಲ್ಲ! ಪಾಸ್‌ವರ್ಡ್ ನಂಗೇನ್ ಗೊತ್ತು?"

ಮೈತ್ರೇಯಿಯ ಫೋನ್ ಹೋದೊಡನೆ ಅವಳಪ್ಪ ಪುಟ್ಟಯ್ಯ ಚಾಮರಾಜಪೇಟೆಯ ಅಂಗಡಿ ಮುಚ್ಚಿ ಬಂದರು. ಪೋಷಕರ ಸಭೆಯಲ್ಲಿ ಯಾರೋ, "ಬರೆಯೋದು ಹುಡುಗೀನಾ, ಮಿಷಿನ್ನಾ?" ಎಂದು ಕೇಳಿದಾಗ ಎದ್ದು ನಿಂತು ಜಗಳವಾಡಿದ್ದವರು.

"ಎಷ್ಟು ಬರೆದ್ಲು ಮಿಸ್?" ಎಂದರು ಬಾಗಿಲಲ್ಲೇ.

"ಒಂದೂವರೆ ಸಾಲು."

"ಅಷ್ಟೇನಾ?"

ಮೈತ್ರೇಯಿ ಅವರನ್ನೇ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು:

"ಕದಿಯೋರಾಗಿದ್ರೆ ಟ್ಯಾಬ್ಲೆಟ್ಟನ್ನೇ ಒಯ್ತಿದ್ರು. ಹೊಟ್ಟೆಕಿಚ್ಚಿನೋರಾಗಿದ್ರೆ ಅವಳ ಪ್ರಬಂಧಗಳನ್ನ ಅಳಿಸ್ತಿದ್ರು. ಅವೆಲ್ಲ ಹಾಗೇ ಇವೆ. ಹೋಗಿರೋದು ನೆರವಿನ ಪದಗಳು ಮಾತ್ರ. ಇದು ಹಾಳು ಮಾಡೋಕೆ ಮಾಡಿದ್ದಲ್ಲ— ಅವಳನ್ನ ಪರೀಕ್ಷೆ ಮಾಡೋಕೆ."

ಪುಟ್ಟಯ್ಯ ಮಗಳ ಕಡೆ ನೋಡಿದರು.

"ಫೋನಲ್ಲಿ ನಾನು ಹೇಳಿದ್ದು, ಟ್ಯಾಬ್ಲೆಟ್‌ಗೆ ಏನೋ ಆಗಿದೆ ಅಂತ ಅಷ್ಟೇ. ಏನಾಯ್ತು ಅಂತ ನೀವು ಕೇಳ್ಲೇ ಇಲ್ಲ. ಎಷ್ಟು ಬರೆದ್ಲು ಅಂತ ಕೇಳಿದ್ರಿ. ನಿನ್ನೆ ಸಂಜೆಯಿಂದ ಇವತ್ತು ಬೆಳಿಗ್ಗೆವರೆಗೆ ಅದು ನಿಮ್ಮನೇಲಿತ್ತು. ಅಲ್ಲಿ ಪಾಸ್‌ವರ್ಡ್ ಗೊತ್ತಿರೋದು ನಿಮಗೊಬ್ರಿಗೇ."

ಪುಟ್ಟಯ್ಯ ಬೆಂಚಿನ ಮೇಲೆ ಕೂತರು. "ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅಳಿಸ್ದೆ. ಸಭೇಲಿ ಜಗಳ ಆಡ್ದೆ, ನಿಜ. ಮನೆಗ್ ಹೋದ್ಮೇಲೆ ನಂಗೇ ಅನುಮಾನ ಬಂತು ಮಿಸ್. ಇವಳ ಸ್ವಂತದ್ದು ಎಷ್ಟು ಅಂತ ಒಂದ್ಸಲ ನೋಡೋಣ ಅಂತ... ವಾಪಸ್ ಬರಲ್ವಾ?"

"ಇಲ್ಲ. ಪರೀಕ್ಷೆ ಇನ್ನೊಂದಿನ ಬರೆಸ್ಬೋದು. ಆ ಪದಗಳು ಎಲ್ಲಿಂದ ಬರ್ಬೇಕು? ಒಂದೊಂದನ್ನೂ ಅವಳೇ ಅಕ್ಷರ ಕೂಡಿಸಿ ಅದಕ್ಕೆ ಕಲಿಸಿದ್ದು."

ಗಾಲಿಕುರ್ಚಿಯಲ್ಲಿದ್ದ ಯಶಶ್ರೀ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೆರಳು ಮೇಲೆದ್ದಿತು. ಒಂದು ಅಕ್ಷರ. ತಪ್ಪು— ಅಳಿಸಿದಳು. ಇನ್ನೊಂದು. ಪುಟ್ಟಯ್ಯ ಸಹಾಯಕ್ಕೆ ಕೈ ಚಾಚಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಹೊರಗೆ ಮಕ್ಕಳು ಊಟ ಮುಗಿಸಿ ಒಳಗೆ ಬರುವವರೆಗೂ ಆ ಬೆರಳು ತಡವರಿಸುತ್ತಲೇ ಇತ್ತು. ಕೊನೆಗೆ ಟ್ಯಾಬ್ಲೆಟ್ಟನ್ನು ಅಪ್ಪನ ಕಡೆಗೆ ತಳ್ಳಿದಳು.

"ನನ್ನನ್ನೇ ಕೇಳಿದ್ದರೆ ಬರೆದು ತೋರಿಸುತ್ತಿದ್ದೆ, ಅಪ್ಪ."