ನಾಲ್ಕನೇ ಗುಂಡಿಯ ನೀಲಿ ದಾರ

ಅವನು ಪತ್ರಿಕೆ ಕಚೇರಿಯ ಬಾಗಿಲು ತಳ್ಳಿದ ರಭಸಕ್ಕೆ ಮೂರು ಬೀದಿಯಾಚೆ ಮಲಗಿದ್ದ ಬೆಕ್ಕು ಎದ್ದು ಕೂತಿತು. ನಂಬಿ. ಕಥೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

“ನನ್ನ ತಮ್ಮನ ಫೋಟೋ ಮೇಲೆ ‘ಸುಳ್ಳು’ ಅಂತ ಹಾಕಿದ್ಯಾರು?”

ಮೂಲೆಯ ಮೇಜಿನಿಂದ ಒಂದು ಕೈ ಮೇಲೆದ್ದಿತು.

“ನಾನು.”

ಹರಿದಾಡುವ ಸುದ್ದಿಯಲ್ಲಿ ಸುಳ್ಳು ಯಾವುದೆಂದು ಹಿಡಿಯುವುದು ಅವಳ ಕೆಲಸ. ಜೊತೆಯವರು ಇಟ್ಟ ಹೆಸರು ಭೂತಗನ್ನಡಿ. ಚಿತ್ರದಲ್ಲಿ ನೆರಳೊಂದು ಕೂದಲೆಳೆಯಷ್ಟು ತಪ್ಪಿದ್ದರೂ ಅವಳ ಕಣ್ಣಿಗೆ ಅದು ಆನೆಯಷ್ಟು.

ಅವನು ದರ್ಜಿ. ಹದಿನೈದು ದಿನದ ಹಿಂದೆ ನದಿಯಲ್ಲಿ ಮಗುಚಿದ ದೋಣಿಯಲ್ಲಿ ಅವನ ತಮ್ಮನಿದ್ದ. ಉಳಿದವರೆಲ್ಲ ಸಿಕ್ಕರು. ತಮ್ಮ ಸಿಗಲಿಲ್ಲ. ಈಗ ‘ಆಸ್ಪತ್ರೆಯಲ್ಲಿ ಬದುಕಿದ್ದಾನೆ, ಎಲ್ಲರಿಗೂ ಕಳಿಸಿ’ ಎಂಬ ಚಿತ್ರವೊಂದು ಮೊಬೈಲಿಂದ ಮೊಬೈಲಿಗೆ ಹಾರುತ್ತಿತ್ತು.

“ಮುಖ ಅಂಟಿಸಿದಾರೆ,” ಎಂದಳು, ಅವನ ಕಾಲರನ್ನೇ ನೋಡುತ್ತ. “ಹಾಸಿಗೆಗೆ ಬೆಳಕು ಎಡಗಡೆಯಿಂದ. ಮುಖಕ್ಕೆ ಮಾತ್ರ ಬಲಗಡೆಯಿಂದ.”

“ಇದನ್ನ ನನ್ನ ಮುಖ ನೋಡಿ ಹೇಳೋಕಾಗಲ್ವಾ ನಿಮಗೆ?”

“ಆಗಲ್ಲ. ನನಗೆ ಆಟಿಸಂ ಲಕ್ಷಣಗಳಿವೆ. ಮುಖ ನೋಡಿದ್ರೆ ಮಾತು ಮರೆತುಹೋಗುತ್ತೆ. ನಿಮ್ಮ ತಮ್ಮ ಯಾವ ಅಂಗಿ ಹಾಕಿದ್ದ?”

ಅವನ ಸಿಟ್ಟು ಅರ್ಧಕ್ಕೇ ನಿಂತಿತು. ಸಮಾಧಾನ ಹೇಳಿದವರು ಲಕ್ಷ ಜನ. ಅಂಗಿ ಯಾವುದೆಂದು ಕೇಳಿದವಳು ಇವಳೊಬ್ಬಳೇ...

“ಬಿಳಿ. ನಾನೇ ಹೊಲಿದದ್ದು. ಅವತ್ತು ಬೆಳಿಗ್ಗೆ ನಾಲ್ಕನೇ ಗುಂಡಿ ಕಿತ್ತುಬಂತು. ‘ಬೇಗ ಅಣ್ಣಾ, ದೋಣಿ ತಪ್ಪುತ್ತೆ’ ಅಂದ. ಬಿಳಿ ದಾರ ಕೈಗೆ ಸಿಗ್ಲಿಲ್ಲ, ನೀಲಿಯಲ್ಲೇ ಹಾಕ್ಕೊಟ್ಟೆ. ಇದನ್ನ ಯಾರಿಗೂ ಹೇಳಿಲ್ಲ.”

ಅವಳು ಬರೆದುಕೊಂಡಳು.

ಆಮೇಲೆ ಬಂದ ಚಿತ್ರಗಳು ಒಂದು ಸಾವಿರ. ಸರಿ, ಐದು. ಪ್ರತಿಯೊಂದನ್ನೂ ಅವನು ಅವಳ ಮೇಜಿಗೇ ತಂದ. ಪ್ರತಿಯೊಂದೂ ಸುಳ್ಳೇ. ಆದರೂ ಆ ಹೆಜ್ಜೆಯ ಸದ್ದಿಗಾಗಿ ಅವಳ ಕಿವಿ ಕಾಯತೊಡಗಿತ್ತು.

ಕೊನೆಯದನ್ನೂ ಸುಳ್ಳೆಂದು ಹೇಳಿ, ಅದೇ ಉಸಿರಿನಲ್ಲಿ ಅಂದಳು, “ನಿಮ್ಮನ್ನ ಕಂಡ್ರೆ ನನಗಿಷ್ಟ. ಬೆಳಿಗ್ಗೆಯಿಂದ ಕಾಯ್ತಿರ್ತೀನಿ.”

ಅವನು ದಿಗ್ಗನೆ ಎದ್ದ. “ಈಗ ತಾನೇ ನನ್ನ ತಮ್ಮನ್ನ ಆರನೇ ಸಲ ಸಾಯಿಸಿದ್ರಿ. ತಕ್ಷಣ ಇಷ್ಟಾನಾ? ಎದೇಲಿ ಕಲ್ಲಿದೆಯಾ ನಿಮಗೆ?”

ಹೋಗಿಯೇಬಿಟ್ಟ.

‘ಏನು ತಪ್ಪು ಹೇಳಿದೆ? ಎರಡೂ ನಿಜವೇ ಅಲ್ಲವೇ...’

ಅವಳ ಕಣ್ಣೀರಿಗೆ ಕಚೇರಿ ತೇಲಿಹೋಯಿತು ಎನ್ನಲು ನನಗೆ ಬಲು ಆಸೆ. ಅವಳು ಅಳಲಿಲ್ಲ. ಉಗುರು ನೋಯುವವರೆಗೆ ಮೇಜಿನ ಅಂಚನ್ನು ಉಜ್ಜುತ್ತ ಕೂತಳು.

ಮೂರು ವಾರದ ಮೇಲೆ ಬಾಗಿಲು ಮೆಲ್ಲನೆ ತೆರೆಯಿತು. ಯಾವ ಬೆಕ್ಕೂ ಏಳಲಿಲ್ಲ. ಅವನು ಮೊಬೈಲನ್ನು ಅವಳ ಮುಂದಿಟ್ಟ. ನದಿಯ ಕೆಳಹರಿವಿನ ಊರಿನ ಪೊಲೀಸರು, ದಡಕ್ಕೆ ಬಂದ ಶವದ ಗುರುತಿಗಾಗಿ ಹಾಕಿದ ಚಿತ್ರ. ಚಾಪೆಯ ಮೇಲೆ ಕೆಸರು ಮೆತ್ತಿದ ಬಿಳಿ ಅಂಗಿ.

“ಸುಳ್ಳು ಅಂತ ಹೇಳಿ,” ಎಂದ.

ಅವಳು ನೋಡಿದಳು. ನೆರಳು ನೋಡಿದಳು, ಅಂಚು ನೋಡಿದಳು. ಒಂದೇ ಒಂದು ತಪ್ಪು ಸಿಗಲಿ ಎಂದು ಬದುಕಿನಲ್ಲಿ ಮೊದಲ ಸಲ ಬೇಡಿಕೊಂಡಳು. ನಾಲ್ಕನೇ ಗುಂಡಿಯಲ್ಲಿ ನೀಲಿ ದಾರವಿತ್ತು.

“ನಿಜ,” ಎಂದಳು. “ನಿಮಗೆ ಮೊದಲೇ ಗೊತ್ತಾಗಿತ್ತು.”

“ಹೂಂ... ನನ್ನ ಹೊಲಿಗೆ ನನಗೆ ಗೊತ್ತಾಗಲ್ವಾ? ನೀವು ಸುಳ್ಳು ಅಂದಿದ್ರೆ ಇನ್ನೊಂದು ದಿನ ನಂಬ್ಕೊಂಡಿರ್ತಿದ್ದೆ.” ಪರದೆಯ ಮೇಲಿನ ಆ ಗುಂಡಿಯನ್ನೇ ತೋರಿಸಿದ. “ಅವತ್ತು ನಿಧಾನವಾಗಿ ಹೊಲಿದಿದ್ರೆ ಅವನಿಗೆ ದೋಣಿ ತಪ್ತಿತ್ತು.”

“ತಪ್ತಿತ್ತು. ಆದ್ರೆ ಅದು ಮಗುಚುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ಲ. ಅದೂ ನಿಜ.”

ಆಗ ಅವನು ಅತ್ತ. ಎಷ್ಟು ಅತ್ತ ಎಂದು ನಾನು ಉಬ್ಬಿಸಿ ಹೇಳುವುದಿಲ್ಲ. ಇದನ್ನು ಅವಳು ಓದುತ್ತಾಳೆ, ಹಿಡಿದುಬಿಡುತ್ತಾಳೆ. ಅವಳು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು, ಅಷ್ಟೇ.

“ಅವತ್ತು ಇಷ್ಟ ಅಂದ್ರಲ್ಲ...”

“ನಿಜ.”

“ಈಗ್ಲೂ?”

“ಈಗ್ಲೂ.”

“ನನಗೂ,” ಎಂದ ಅವನು. ಆ ಅಂಗಿಯ ಚಿತ್ರದ ಮೇಲೊಮ್ಮೆ ಬೆರಳಾಡಿಸಿ, ಮೊಬೈಲನ್ನು ಜೇಬಿಗಿಟ್ಟುಕೊಂಡ. “ಗುರುತು ಹೇಳೋಕೆ ಹೋಗ್ಬೇಕು. ನೀವು ಕೆಲಸ ನೋಡ್ಕೊಳ್ಳಿ. ನಾನು ಒಬ್ನೇ ಹೋಗ್ತೀನಿ, ಪರವಾಗಿಲ್ಲ... ಸರಿಯಾಗೇ ಇದೀನಿ.”

ಅವಳು ತಲೆಯೆತ್ತಿ, ಮೊಟ್ಟಮೊದಲ ಸಲ, ಅವನ ಮುಖವನ್ನು ನೋಡಿದಳು.

“ಇದು ಸುಳ್ಳು,” ಎಂದು ಚಪ್ಪಲಿ ಮೆಟ್ಟಿಕೊಂಡಳು. “ನಡೀರಿ, ನಾನೂ ಬರ್ತೀನಿ.”