ಬೇಸ್ ಕ್ಲಾಕ್ ನೂರ ನಾಲ್ಕು

ಢಮಾರ್!

ಕೌಂಟರ್ ಮೇಲೆ ಬಂದು ಬಿದ್ದ ಕಂಪ್ಯೂಟರ್ ಕ್ಯಾಬಿನೆಟ್‌ನ ಗಾಜಿನ ಬಾಗಿಲು ಚೂರುಚೂರಾಯಿತು.

"ಇದನ್ನ ಮುಟ್ಟಿದ ಮಹಾನುಭಾವ ಯಾರ್ರೀ? ಹೊರಗೆ ಬರೋಕೆ ಹೇಳಿ!"

ರಿಪೇರಿ ಬೆಂಚಿನ ಹಿಂದಿನಿಂದ ಒಂದು ತಲೆ ಎದ್ದಿತು. ಕೆದರಿದ ಕೂದಲು, ಕೈಯಲ್ಲಿ ಸ್ಕ್ರೂಡ್ರೈವರ್, ಮೂಗಿನ ತುದಿಯಲ್ಲೇ ಸಿಟ್ಟು. ಬೀದಿಯವರೆಲ್ಲ ಅವಳನ್ನು ಕಿಡಿ ಎಂದೇ ಕರೆಯುತ್ತಿದ್ದರು. ಸುಮ್ಮನೆ ಅಲ್ಲ!

"ನಾನೇ ಮುಟ್ಟಿದ್ದು. ಏನೀಗ?"

ಕ್ಯಾಬಿನೆಟ್ ಎಸೆದ ಯುವಕ ಹುಡುಗಿಯನ್ನು ನಿರೀಕ್ಷಿಸಿರಲಿಲ್ಲ, ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಮತ್ತೆ ದನಿ ಏರಿಸಿದ.

"ಪ್ರೊಸೆಸರ್ ಸ್ಪೀಡ್ ಜಾಸ್ತಿ ಮಾಡಿ ಅಂತ ಕಳಿಸಿದ್ರೆ ಸಾಯಿಸಿ ಕಳಿಸಿದ್ದೀರಿ! ಬೆಳಗ್ಗೆಯಿಂದ ಬರೀ ಆಫ್ ಆಗ್ತಿದೆ. ಸಂಜೆಯೊಳಗೆ ನನ್ನ ಆನಿಮೇಷನ್ ಫಿಲ್ಮ್ ಹೋಗದಿದ್ರೆ ಸ್ಟುಡಿಯೋದಿಂದ ನನ್ನನ್ನ ಆಚೆ ಹಾಕ್ತಾರೆ!"

"ನಾನು ಟೆಸ್ಟ್ ಮಾಡೇ ಕೊಟ್ಟಿದ್ದು. ನೀವೇ ಮನೇಲಿ ಏನೋ ಕೈಯಾಡಿಸಿರ್ತೀರಿ."

"ಕೆಲಸ ಬರಲ್ಲ ಅಂದ್ರೆ ಬೋರ್ಡ್ ಯಾಕ್ರೀ ನೇತು ಹಾಕ್ಕೊಂಡಿದ್ದೀರಿ?"

ಅವನು ಒದ್ದ ಸ್ಟೂಲು ಹಾರಿಹೋಗಿ ಶೆಲ್ಫಿಗೆ ಬಡಿಯಿತು. ಎರಡು ಮಾನಿಟರ್‌ಗಳು ಮುಖ ಅಡಿಯಾಗಿ ನೆಲಕ್ಕೆ ಬಿದ್ದವು.

ಕೆಲಸ ಬರಲ್ಲ ಅಂತಾನಾ? ನನಗಾ...?

ಅವಳ ಕೈಗೆ ಸಿಕ್ಕಿದ್ದು ಪ್ರೊಸೆಸರ್ ತಂಪಾಗಿಡುವ ಒಂದು ಹಳೆಯ ಹೀಟ್‌ಸಿಂಕ್. ಅಲ್ಯೂಮಿನಿಯಂ ಗಟ್ಟಿ. ಬೀಸಿಯೇಬಿಟ್ಟಳು! ಅವನ ಹಣೆ ಸೀಳಿ ಹುಬ್ಬಿನ ಮೇಲೆ ರಕ್ತ ಇಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ ಒಳಗಿನ ಕೋಣೆಯಿಂದ ಅವಳ ಅಣ್ಣ ಬಂದ. ಏನು, ಎತ್ತ ಎಂದು ಕೇಳುವ ಪೈಕಿಯೇ ಅಲ್ಲ ಅವನು. ಗಿರಾಕಿಯ ಬಲಗೈ ಹಿಡಿದು ಬೆನ್ನಿಗೆ ತಿರುಚಿದ. ಲಟಕ್ ಎಂದಿತು. ಅವನು ಕಿರುಚಿ ಮಂಡಿಯೂರಿದ.

"ಬಿಡು ಅಣ್ಣಾ! ಕೈ ಮುರೀತು..."

ಛಟೀರ್! ಅಣ್ಣನ ಇನ್ನೊಂದು ಕೈ ಅವಳ ಕೆನ್ನೆಯ ಮೇಲಿತ್ತು.

"ಎಲ್ಲ ನಿನ್ನಿಂದಾನೇ ಕಣೇ! ಕೆಲಸ ಕೆಡಿಸೋಳು ನೀನು, ಬೀದೀಲಿ ಮರ್ಯಾದೆ ಕಳ್ಕೊಳ್ಳೋನು ನಾನು. ಇದನ್ನ ಸರಿ ಮಾಡಿ ಬಾ. ಇಲ್ಲಾಂದ್ರೆ ಆ ಬೆಂಚ್ ಬಿಟ್ಟು ಇಳೀಬೇಕು, ತಿಳೀತಾ?"

ನೆಲದ ಮೇಲಿದ್ದವನು ತನ್ನ ನೋವು ಮರೆತು ಅವಳ ಕೆನ್ನೆಯನ್ನೇ ನೋಡಿದ. ಐದು ಬೆರಳೂ ಮೂಡಿದ್ದವು. ಅವಳು ಅಳಲಿಲ್ಲ. ಅಭ್ಯಾಸವಾಗಿತ್ತು.

ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿದವನು ಅಣ್ಣ. ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದವನೂ ಅವನೇ, ಹೊಡೆಯುವವನೂ ಅವನೇ. ಆ ಬೆಂಚೊಂದೇ ಅವಳದು. ಅದರಿಂದಲೂ ಇಳಿ ಎಂದರೆ ಅವಳು ಹೋಗುವುದಾದರೂ ಎಲ್ಲಿಗೆ?

ಅಣ್ಣ ಕ್ಯಾಬಿನೆಟ್ಟನ್ನು ಕಾಲಿನಿಂದಲೇ ಹೊಸ್ತಿಲಾಚೆ ತಳ್ಳಿದ. ಅವಳು ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಗಿರಾಕಿ ಫುಟ್‌ಪಾತ್ ಮೇಲೆ ಕೈ ಅವುಚಿಕೊಂಡು ಕೂತಿದ್ದ.

"ಏಳಿ. ಮನೆ ಎಲ್ಲಿ?"

"ಮನೆಗೂ ಬಂದು ಹೊಡೀತೀರಾ?"

"ಬೇಕಾದ್ರೆ ಹೊಡೀತೀನಿ. ಮೊದಲು ಮಷೀನ್ ನೋಡಬೇಕು, ನಡೀರಿ." ಅವಳು ಕ್ಯಾಬಿನೆಟ್ಟನ್ನು ಎತ್ತಿಕೊಂಡಳು.

* * *

ಬಾಗಿಲು ತೆರೆದ ಅವನ ಅಮ್ಮ ಮಗನ ಅವತಾರ ನೋಡಿ ಎದೆ ಹಿಡಿದುಕೊಂಡರು.

"ಅಯ್ಯೋ! ಯಾರೋ ಹೀಗೆ ಹೊಡೆದಿದ್ದು?"

"ಹಣೆಗೆ ನಾನು, ಕೈಗೆ ನಮ್ಮಣ್ಣ," ಕಿಡಿ ತಲೆ ತಗ್ಗಿಸಿದಳು.

"ಕುಟುಂಬ ಸಮೇತ ಹೊಡೆದು ಕಳಿಸಿದ್ದೀರಲ್ಲಮ್ಮಾ!"

ಬೈಯುತ್ತಲೇ ಅವರು ಒಂದು ಮರದ ಸೌಟಿಟ್ಟು, ಹಳೆಯ ಸೀರೆಯ ತುಂಡಿನಿಂದ ಮಗನ ಮಣಿಕಟ್ಟು ಬಿಗಿದರು. ಆಸ್ಪತ್ರೆಗೆ ನಡಿ ಎಂದರೆ, ಫಿಲ್ಮ್ ಕಳಿಸದೆ ಏಳುವುದಿಲ್ಲ ಎಂದು ಅವನ ಹಟ. ಅಮ್ಮ ಕಿಡಿಯನ್ನು ನೋಡಿದರು, ಅವಳ ಕೆನ್ನೆಯನ್ನೂ ನೋಡಿದರು. ಒಂದು ಬಟ್ಟಲಲ್ಲಿ ಐಸ್ ತಂದು ಅವಳ ಪಕ್ಕ ಇಟ್ಟು ಹೋದರು.

ಏಟು ತಿಂದ ಮೇಲೆ ಐಸ್ ತಂದುಕೊಟ್ಟವರು ಇದುವರೆಗೆ ಯಾರೂ ಇರಲಿಲ್ಲ.

ಅವನ ಕೋಣೆಯ ಗೋಡೆ ತುಂಬ ಹೊಡೆದಾಟದ ಚಿತ್ರಗಳು! ಮುಷ್ಟಿಗಳು, ಮುರಿದ ದವಡೆಗಳು, ಗಾಳಿಯಲ್ಲಿ ಹಾರುವ ಹಲ್ಲುಗಳು. ವಿಡಿಯೋ ಗೇಮ್‌ಗಳಿಗೆ ಫೈಟ್ ದೃಶ್ಯ ಮಾಡುವುದು ಅವನ ಉದ್ಯೋಗ. ಸ್ಟುಡಿಯೋದಲ್ಲಿ ಅವನ ಹೆಸರೇ ಫೈಟ್ ಮಾಸ್ತರ್.

"ಇಷ್ಟೆಲ್ಲ ಬರೆಯೋರು ನಮ್ಮಣ್ಣನಿಗೆ ಒಂದೇಟೂ ತಿರುಗಿಸಿ ಕೊಡ್ಲಿಲ್ಲ?"

"ಕಾಗದದ ಮೇಲಷ್ಟೇ ನನ್ನ ಪ್ರತಾಪ. ಜೀವನದಲ್ಲಿ ಒದ್ದಿದ್ದು ಇವತ್ತೇ ಮೊದಲು. ಅದೂ ಸ್ಟೂಲಿಗೆ," ನೋವಿನಲ್ಲೂ ಅವನು ನಕ್ಕ.

ಅವಳಿಗೂ ನಗು ಬಂತು. ಥೂ, ಇವನ ಜೊತೆ ನಗುವುದೇನು! ತುಟಿ ಕಚ್ಚಿ ಕೆಲಸಕ್ಕೆ ಇಳಿದಳು.

ಫಿಲ್ಮ್ ಓಡಿಸಿದಳು. ಪರದೆಯ ಮೇಲೆ ಒಬ್ಬ ಇನ್ನೊಬ್ಬನ ಎದೆಗೆ ಒದೆಯುವಷ್ಟರಲ್ಲಿ... ಕಪ್ಪು! ಮಷೀನ್ ಸತ್ತಿತು. ಕ್ಲಾಕ್ ಸೆಟ್ಟಿಂಗ್ಸ್ ತೆರೆದಳು. ಪ್ರೊಸೆಸರ್‌ನ ವೇಗ ನಿರ್ಧರಿಸುವ ಗುಣಕ, ಮಲ್ಟಿಪ್ಲೈಯರ್, ಐವತ್ತು. ತಾನು ಇಟ್ಟದ್ದೇ. ವೋಲ್ಟೇಜ್ ಸರಿ, ಬಿಸಿಯೂ ಹತೋಟಿಯಲ್ಲಿದೆ. ಮಲ್ಟಿಪ್ಲೈಯರ್ ನಲವತ್ತೆಂಟಕ್ಕೆ ಇಳಿಸಿ ಮತ್ತೆ ಓಡಿಸಿದಳು. ಮತ್ತೆ ಕಪ್ಪು!

ಪ್ರೊಸೆಸರ್ ನಿಧಾನ ಮಾಡಿದರೂ ಬೀಳುತ್ತಿದೆ ಅಂದ್ರೆ... ತಪ್ಪು ಪ್ರೊಸೆಸರ್ ಒಂದರದ್ದಲ್ಲ.

ಕಣ್ಣು ಮೇಲಿನ ಸಾಲಿಗೆ ಹೋಯಿತು. ಬೇಸ್ ಕ್ಲಾಕ್: ನೂರ ನಾಲ್ಕು.

ಇಡೀ ಮಷೀನು ತಾಳ ಹಾಕುವುದೇ ಬೇಸ್ ಕ್ಲಾಕ್ ಮೇಲೆ. ಅದು ನೂರರಲ್ಲಿರಬೇಕು. ಅದನ್ನು ಏರಿಸಿದರೆ ಪ್ರೊಸೆಸರ್ ಜೊತೆ ಮೆಮೊರಿಯೂ ತನ್ನ ಮಿತಿ ಮೀರಿ ಓಡಿ ಮುಗ್ಗರಿಸುತ್ತದೆ. ಅವಳು ಅದನ್ನು ಮುಟ್ಟುವುದೇ ಇಲ್ಲ. ಹಳೆಯ ಕಾಲದ ಮಷೀನುಗಳಲ್ಲಿ ಕೈ ಪಳಗಿಸಿಕೊಂಡು, ಇವತ್ತಿಗೂ ಅದನ್ನೇ ಏರಿಸುವವನು ಒಬ್ಬನೇ ಒಬ್ಬ.

"ಎಷ್ಟು ಸ್ಪೀಡ್ ಬರುತ್ತೆ ಅಂತ ನಿಮಗೆ ಹೇಳಿದ್ರು?"

"ಐದು ಪಾಯಿಂಟ್ ಎರಡು."

"ಯಾರು ಹೇಳಿದ್ದು?"

"ನಿಮ್ಮಣ್ಣ. ಫೋನಲ್ಲಿ."

ನೂರ ನಾಲ್ಕನ್ನು ಐವತ್ತರಿಂದ ಗುಣಿಸಿದರೆ ಐದು ಸಾವಿರದ ಇನ್ನೂರು, ಅಂದರೆ ಸರಿಯಾಗಿ ಐದು ಪಾಯಿಂಟ್ ಎರಡು ಗಿಗಾಹರ್ಟ್ಸ್! ಅವಳು ಐದಕ್ಕೆ ನಿಲ್ಲಿಸಿದ್ದಳು. ಅಣ್ಣ ತನ್ನ ಮಾತು ಉಳಿಸಿಕೊಳ್ಳಲು ಅವಳ ಬೆನ್ನ ಹಿಂದೆ ಏರಿಸಿದ್ದ. ಆದರೆ ಹೊಡೆದದ್ದು ಅವಳಿಗೆ.

"ಏನಾಯ್ತು? ತಪ್ಪು ಯಾರದ್ದು?" ಅವನು ಕೇಳಿದ.

ಅಣ್ಣನ ಹೆಸರು ನಾಲಿಗೆಯ ತುದಿಗೆ ಬಂತು. ಹೇಳಿದರೆ ಬೆಂಚ್ ಹೋಗುತ್ತದೆ. ನುಂಗಿಕೊಂಡಳು.

"ನನ್ನದೇ."

ಅವನ ಮುಖ ಕಪ್ಪಿಟ್ಟಿತು. "ಮತ್ತೆ ಅಂಗಡೀಲಿ ಅಷ್ಟು ಧಿಮಾಕಿನಿಂದ ಸುಳ್ಳು ಹೇಳಿದ್ರಲ್ಲ? ಬರೆಯೋ ಕೈ ಕಣ್ರೀ ಇದು! ನಿಮ್ಮ ಸುಳ್ಳಿಗೆ ಮುರೀತು!"

ಅಣ್ಣನ ಏಟಿಗಿಂತ ಜೋರಾಗಿ ತಾಗಿತು ಆ ಮಾತು. ಬೇಸ್ ಕ್ಲಾಕ್ ನೂರಕ್ಕೆ ಇಳಿಸಿ, ಮಲ್ಟಿಪ್ಲೈಯರ್ ಐವತ್ತಕ್ಕೆ ತಂದಳು. ಫಿಲ್ಮ್ ಓಡಿತು. ಒದೆ ಬಿತ್ತು, ದವಡೆ ಮುರಿಯಿತು, ಮಷೀನ್ ಅಲುಗಾಡಲಿಲ್ಲ. ಕಣ್ಣೊರೆಸಿಕೊಂಡು ಅವಳು ಎದ್ದು ಹೋದಳು.

ಬಟ್ಟಲಲ್ಲಿ ಐಸ್ ಹಾಗೇ ಕರಗಿತ್ತು. ಆಚೆಯಿಂದ ಮಾತೆಲ್ಲ ಕೇಳಿಸಿಕೊಂಡಿದ್ದ ಅಮ್ಮ ಅದನ್ನು ಎತ್ತಿಕೊಂಡು ಮಗನತ್ತ ತಿರುಗಿದರು.

"ತಾನೇ ಕೆಡಿಸಿದೋಳು 'ಯಾರು ಹೇಳಿದ್ದು' ಅಂತ ಯಾಕೋ ಕೇಳ್ತಾಳೆ, ಮಂಕೇ? ಆ ಮಗು ಯಾರನ್ನೋ ಬಚ್ಚಿಡ್ತಿದೆ."

ಅವನು ಫಿಲ್ಮ್ ಕಳಿಸಿದವನೇ ಚಪ್ಪಲಿ ಮೆಟ್ಟಿಕೊಂಡು ಓಡಿದ.

* * *

"ಸರಿ ಮಾಡಿದ್ಯಾ?" ಅಣ್ಣ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಹಿಡಿದು ನಿಂತಿದ್ದ.

"ಮಾಡ್ದೆ. ಬೇಸ್ ಕ್ಲಾಕ್ ನೂರ ನಾಲ್ಕು ಇತ್ತು, ಅಣ್ಣ."

ಅಣ್ಣ ಕೊಕ್ಕೆಯನ್ನು ನೆಲಕ್ಕೆ ಕುಟ್ಟಿದ.

"ನಾನು ಗಿರಾಕಿಗೆ ಮಾತು ಕೊಟ್ಟಿದ್ದೆ! ಬರೀ ಐದು ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಹಾಗಾದ್ರೆ ನನ್ನ ಕೆನ್ನೆಗೆ ಯಾಕೆ ಹೊಡ್ದೆ?"

ಇಷ್ಟು ವರ್ಷಗಳಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು! ಅಣ್ಣ ಕೊಕ್ಕೆ ಬೀಸಿದ. ಬೆಂಚಿನ ದೀಪ ಸಿಡಿಯಿತು. ಮತ್ತೆ ಬೀಸಿದ. ಮದರ್‌ಬೋರ್ಡ್‌ಗಳು ತುಂಡಾಗಿ ಹಾರಿದವು. ಮೂರನೆಯ ಸಲ ಕೊಕ್ಕೆ ಅವಳ ಕಡೆ ಎದ್ದಿತು. ಅವಳು ಕಣ್ಣು ಮುಚ್ಚಲಿಲ್ಲ.

ಕೊಕ್ಕೆ ಕೆಳಗಿಳಿಯಲಿಲ್ಲ. ಹಿಂದಿನಿಂದ ಒಂದು ಎಡಗೈ ಅದನ್ನು ಹಿಡಿದಿತ್ತು.

ಫೈಟ್ ಮಾಸ್ತರ್!

ಅಣ್ಣ ಮೊಣಕೈಯಿಂದ ಅವನ ಪಕ್ಕೆಗೆ ಗುದ್ದಿದ. ಹೊಟ್ಟೆಗೆ ಒದ್ದ. ಅವನು ಶೆಲ್ಫಿಗೆ ಬಡಿದು ಕುಸಿದ, ಹಣೆಯ ಗಾಯ ಮತ್ತೆ ಬಿಚ್ಚಿ ಕಣ್ಣಿಗೆ ರಕ್ತ ಇಳಿಯಿತು. ತಿರುಗಿ ಒಂದೇಟೂ ಹೊಡೆಯಲಿಲ್ಲ. ಕೊಕ್ಕೆ ಮಾತ್ರ ಬಿಡಲಿಲ್ಲ.

"ಹೊಡೀರಿ... ಬಿಡಲ್ಲ. ಅವರಿಗೆ ಬೀಳೋ ಏಟು... ಇವತ್ತಿಗೆ ಸಾಕು."

ಕಿಡಿ ಮುಂದೆ ನುಗ್ಗಿ, ಇಬ್ಬರ ಕೈಯಿಂದಲೂ ಕೊಕ್ಕೆ ಕಿತ್ತು ಬೀದಿಗೆ ಎಸೆದಳು. ಠಣಾರ್!

"ಬೆಂಚ್ ಬಿಟ್ಟು ಇಳೀತಿದ್ದೀನಿ, ಅಣ್ಣ. ನೀನು ಇಳಿಸಿದ್ದಲ್ಲ, ನಾನೇ ಇಳೀತಿರೋದು. ನೀನು ಕಲಿಸಿದ ಕೆಲಸ ಒಂದನ್ನ ತಗೊಂಡು ಹೋಗ್ತೀನಿ. ಮಿಕ್ಕಿದ್ದೆಲ್ಲ ನಿಂದೇ."

"ಕಿಡೀ..." ಅಣ್ಣನ ದನಿ ಒಡೆಯಿತು. ಒಡೆದ ಬೆಂಚಿನ ಮುಂದೆ ಅವನು ಕುಸಿದು ಕೂತ. ಅವಳು ಒಮ್ಮೆ ತಿರುಗಿ ನೋಡಿದಳು. ಆದರೂ ಹೊಸ್ತಿಲು ದಾಟಿದಳು.

ಫುಟ್‌ಪಾತ್ ಮೇಲೆ, ಮುಂಚೆ ಅವನು ಕೂತಿದ್ದ ಜಾಗದಲ್ಲೇ ಇಬ್ಬರೂ ಕೂತರು. ಅವಳು ದುಪಟ್ಟಾದ ತುದಿಯಿಂದ ಅವನ ಹಣೆ ಒರೆಸಿದಳು.

"ಫಿಲ್ಮ್ ಹೋಯ್ತಾ?"

"ಹೋಯ್ತು. ಸುಳ್ಳು ಯಾಕೆ ಹೇಳಿದ್ರಿ?"

"ಬೆಂಚ್ ಹೋಗುತ್ತೆ ಅಂತ ಭಯ ಆಯ್ತು. ಈಗ ಅದೂ ಹೋಯ್ತು..." ಅಂಗಡಿಯಲ್ಲಿ ಬರದ ಅಳು ಈಗ ಒತ್ತರಿಸಿ ಬಂತು.

"ನನ್ನ ಮೇಜಿನ ಅರ್ಧ ಖಾಲಿ ಮಾಡ್ತೀನಿ. ಅಲ್ಲೇ ಕೆಲಸ ಮಾಡಿ. ಅಮ್ಮ ಅಂತೂ ನಿಮ್ಮ ಪಾರ್ಟಿ ಸೇರಿಬಿಟ್ಟಿದ್ದಾರೆ."

"ಅಮ್ಮನ ವಿಷಯ ಬಿಡಿ. ನಿಮ್ಮ ವಿಷಯ ಹೇಳಿ."

ಸಾವಿರ ಹೊಡೆದಾಟ ಬರೆದವನಿಗೆ ಒಂದು ಮಾತು ಬಾಯಿಗೆ ಬರಲು ಎಷ್ಟು ಹೊತ್ತು, ಅಬ್ಬಬ್ಬಾ!

"ನನಗೆ... ನೀವು ಬೇಕು. ಹೊಡೆದ್ರೂ ಪರವಾಗಿಲ್ಲ."

"ಇನ್ಮೇಲೆ ಹೊಡೆಯಲ್ಲ," ಅಳುತ್ತಲೇ ಅವಳು ನಕ್ಕಳು. "ನನ್ನಾಣೆ, ಯಾವತ್ತೂ ಹೊಡೆಯಲ್ಲ. ಮೊದಲು ಆಸ್ಪತ್ರೆಗೆ ನಡೀರಿ. ಏಳಿ, ಎಡಗೈ ಕೊಡಿ."

"ಬಲಗೈ ಸರಿಹೋದ್ಮೇಲೆ?"

"ಅದನ್ನೂ ಕೊಡಿ."