ದಾಕ್ಷಿಣ್ಯದ ಕೊಂಡಿಗಳು

ಸಭಾಂಗಣದ ಪರದೆಯ ಮೇಲೆ ಮುನ್ನೂರ ಹನ್ನೆರಡು ಹಸಿರು ಚುಕ್ಕೆಗಳಿದ್ದವು. ಡಾ. ಮೇಘಶ್ರೀ ತನ್ನ ಯಂತ್ರವನ್ನು ಚಾಲೂ ಮಾಡಿದ್ದೇ ತಡ, ಅವು ಒಂದೊಂದಾಗಿ ಆರತೊಡಗಿದವು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಇಂಚರ, ಎಲ್ಲೋ ತಂತಿ ಸಡಿಲವಾಗಿರಬೇಕು ಎಂದುಕೊಂಡಳು. ಆರುತ್ತಿದ್ದದ್ದು ಅವಳ ಅಂಗಡಿಯ ಕೊಂಡಿಗಳು.

ಕೊಂಡಿ ಎಂದರೆ ಒಂದು ಜಾಲತಾಣ ಇನ್ನೊಂದರತ್ತ ಬೆರಳು ತೋರಿಸಿ 'ಅಲ್ಲಿಗೆ ಹೋಗಿ' ಎನ್ನುವುದು. ಹೆಚ್ಚು ಜನ ಬೆರಳು ತೋರಿಸಿದವರ ಹೆಸರು ಹುಡುಕಾಟದಲ್ಲಿ ಮೇಲೆ ಬರುತ್ತಿತ್ತು. ೨೦೫೮ರ ಹೊತ್ತಿಗೆ ಹುಡುಕಾಟ ಒಂದೇ ಒಂದು ಹೆಸರನ್ನು ಕಿವಿಯಲ್ಲಿ ಹೇಳಿ ಸುಮ್ಮನಾಗುತ್ತಿತ್ತು. ಸಕ್ಕರೆ ಕಾಯಿಲೆಯವರಿಗೆ ಚಪ್ಪಲಿ ಎಲ್ಲಿ ಸಿಗುತ್ತದೆ ಎಂದು ಯಾರು ಕೇಳಿದರೂ ಒಂಬತ್ತು ವರ್ಷದಿಂದ ಸಿಗುತ್ತಿದ್ದ ಉತ್ತರ ದಾವಣಗೆರೆಯ ಇಂಚರಳದು. ಹನ್ನೊಂದು ಜನ ಕೆಲಸದವರ ಅನ್ನ ಆ ಒಂದು ಉತ್ತರದ ಮೇಲೆ ನಿಂತಿತ್ತು.

ಅವಳು ಕೊಂಡಿಗಳನ್ನು ಕೊಂಡವಳಲ್ಲ. ಚಪ್ಪಲಿ ಹಾಕಿಸಿ, ಕೈಗೆ ಮಂಡಕ್ಕಿ ತಟ್ಟೆ ಕೊಟ್ಟು, ಗಿರಾಕಿ ನಾಲ್ಕು ಹೆಜ್ಜೆ ನಡೆಯುವ ಮೊದಲೇ "ನಿಮ್ಮ ತಾಣದಾಗೆ ನಮ್ದೊಂದು ಕೊಂಡಿ ಹಾಕ್ಬಿಡಿ" ಎಂದು ನಗುತ್ತಾ ಕೇಳುತ್ತಿದ್ದಳು. ಎದುರಿಗೆ ಕೂತು ಕೇಳಿದರೆ ಇಲ್ಲ ಎನ್ನುವವರು ಈ ಸೀಮೆಯಲ್ಲಿ ಯಾರಿದ್ದಾರೆ?

ಮೇಘಶ್ರೀಯ ಯಂತ್ರ 'ಇಂಗಿತಮಾಪಕ' ಹಿಡಿಯುತ್ತಿದ್ದದ್ದು ಆ ದಾಕ್ಷಿಣ್ಯವನ್ನೇ. ಕೊಂಡಿ ಹಾಕುವಾಗ ಬೆರಳ ತುದಿಯ ನಾಡಿಬಡಿತವನ್ನೂ ಬೆವರನ್ನೂ ಹಾಕುವವರು ಯಾರೆಂದು ಖಾತ್ರಿ ಮಾಡಿಕೊಳ್ಳಲು ಫೋನು ದಾಖಲಿಸಿಕೊಳ್ಳುತ್ತಿತ್ತು. ಆ ದಾಖಲೆಯನ್ನು ಓದಿ, ಕೊಂಡಿ ಮನಸ್ಸಿನಿಂದ ಬಂದದ್ದೋ ಮುಲಾಜಿನಿಂದ ಬಂದದ್ದೋ ಎಂದು ಯಂತ್ರ ಹೇಳುತ್ತಿತ್ತು. ಮುಂದಿನ ವಾರದಿಂದ ಎಲ್ಲ ಹುಡುಕಾಟಗಳೂ ಅದರ ಮಾತನ್ನೇ ಕೇಳಲಿದ್ದವು.

ಕೊನೆಗೆ ಉಳಿದವು ಇಪ್ಪತ್ತಮೂರು. ಇಂಚರ ಅವುಗಳ ಕೆಳಗಿದ್ದ ಒಂದೊಂದೇ ಹೆಸರು ಓದಿದಳು. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದ ಗೆಳತಿ, ಅಂಗಡಿಗೆ ಮೊಟ್ಟಮೊದಲ ಕೊಂಡಿ ಹಾಕಿದವಳು, ಇದೇ ಮೇಘಶ್ರೀಯ ಹೆಸರೇ ಅದರಲ್ಲಿರಲಿಲ್ಲ.

ಜನ ಎದ್ದುಹೋಗುವವರೆಗೂ ಕಾದು ವೇದಿಕೆ ಹತ್ತಿದಳು. "ಮೇಘಾ, ನಿಂದೆಲ್ಲೇ?"

ಮೇಘಶ್ರೀ ವೈರು ಸುತ್ತುತ್ತಾ ನಿಂತಳು. "ಅಮ್ಮ ನಿನ್ನ ಚಪ್ಪಲಿ ಹಾಕ್ಕಂಡಿದ್ದು ನಾಲ್ಕೇ ದಿನ ಕಣೇ. ಹೆಬ್ಬೆರಳ ಬುಡದಾಗೆ ಹೊಲಿಗೆ ಒತ್ತಿ ಗಾಯ ಆತು. ಸಕ್ಕರೆ ಕಾಯಿಲೆ ಕಾಲು, ನೋವೇ ಗೊತ್ತಾಗ್ಲಿಲ್ಲ. ಬೆರಳು ತೆಗಿಸ್ಬೇಕಾತು."

"ಅಮ್ಮ ಈಗ ಆರಾಮಾಗಿ ಓಡಾಡ್ತಾರೆ ಅಂತ ಕೊಂಡಿ ಜೊತೆ ಬರ್ದಿದ್ದೆಲ್ಲ!"

"ನೀನು ಹೊಸದಾಗಿ ಅಂಗಡಿ ಇಟ್ಟಿದ್ದೆ. ಹೆಂಗೆ ಹೇಳ್ಲಿ?"

"ಗೊತ್ತಿದ್ದೂ ಇವತ್ತು ಎಲ್ರ ಮುಂದೆ ನನ್ನ ಅಂಗಡೀನೇ ಪರೀಕ್ಷೆಗೆ ಇಟ್ಟೆಲ್ಲೇ?"

"ಉಳಿದವ್ರದ್ದೆಲ್ಲ ನಿಜ ಇರ್ತದೆ ಅಂದ್ಕಂಡಿದ್ದೆ. ನಂದೊಂದು ಆರಿದ್ರೆ ಯಾರಿಗೂ ಕಾಣಲ್ಲ ಅನ್ನಿಸ್ತು."

ಇಂಚರ ಸಿಟ್ಟಿನಿಂದ ಅವಳ ಕೈಯ ವೈರು ಕಿತ್ತುಕೊಂಡಳು. ಅಂಗಡಿ ಮುಳುಗುವ ಭಯ ಆ ಸಿಟ್ಟಿನ ಮುಂದೆ ಏನೂ ಅಲ್ಲ. "ಒಂದು ಮಾತು ಅಂದಿದ್ರೆ ಅವತ್ತೇ ಆ ಹೊಲಿಗೆ ಬಿಚ್ಚಿಸ್ತಿದ್ದೆ. ಒಂಬತ್ತು ವರ್ಷ ಅದೇ ಅಚ್ಚಿನಾಗೆ ಹೊಲ್ದೀನಿ ಮೇಘಾ! ಇನ್ನೆಷ್ಟು ಜನರ ಬೆರಳು ತೆಗೆಸಿದೀನೋ! ನೀನು ಗೆಳತಿ ಅಲ್ಲ, ಬೆನ್ನಿಗೆ ಚೂರಿ ಹಾಕ್ದೋಳು."

ಮೇಘಶ್ರೀ ಅಳುತ್ತಿದ್ದಳು. ಇಂಚರ ಸಮಾಧಾನ ಹೇಳಲಿಲ್ಲ. ಆರಿದ ಇನ್ನೂರ ಎಂಬತ್ತೊಂಬತ್ತು ಹೆಸರುಗಳ ಪಟ್ಟಿಯನ್ನು ಫೋನಿಗೆ ಹಾಕಿಸಿಕೊಂಡು ಹೊರಬಂದಳು. ಹುಡುಕಾಟದಲ್ಲಿನ ಸ್ಥಾನ ಹೋದರೆ ಹೋಗಲಿ, ಯಾರ ಕಾಲಿಗೆ ಎಲ್ಲಿ ಒತ್ತಿದೆಯೆಂದು ಗೊತ್ತಾಗದೆ ಇನ್ನೊಂದು ಜೊತೆ ಹೊಲಿಯಲಾರಳು. ಪ್ರಶಂಸೆಯಲ್ಲಿ ಸುಳ್ಳು ಯಾವುದೆಂದು ಯಂತ್ರ ಹೇಳಿತ್ತು. ನಿಜ ಏನೆಂದು ಅದಕ್ಕೂ ತಿಳಿಯದು. ಅದನ್ನು ಮನುಷ್ಯರೇ ಬಾಯಿಬಿಟ್ಟು ಹೇಳಬೇಕು.

ಪಟ್ಟಿಯ ಮೊದಲಿಗರು ನಿವೃತ್ತ ಶಿಕ್ಷಕ ಕೊಟ್ರೇಶ್. ಅವಳು ಮೆಟ್ಟಿಲ ಮೇಲೆ ಕುಳಿತು ಫೋನು ಮಾಡಿದಳು.

"ಮೇಷ್ಟ್ರೇ, ನಮ್ಮ ಚಪ್ಪಲಿಯಿಂದ ನಿಮಗೆ ಗಾಯ ಆಗಿತ್ತಾ? ಎಲ್ಲಿ ಆಗಿತ್ತು, ಹೇಳಿ."

"ಛೆ ಛೆ, ಎಲ್ಲಿ ಗಾಯವ್ವಾ! ಭಾಳ ಚೆನ್ನಾಗಿದ್ವು."

"ನಿಮ್ಮ ಕಾಲಿಗೆ ಬೀಳ್ತೀನಿ, ನಿಜ ಹೇಳಿ. ನಾನು ಬೇಜಾರು ಮಾಡ್ಕಳಲ್ಲ."

ಇಂಚರ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಹಂಗೇನಿಲ್ಲ ತಾಯಿ," ಎಂದರು ಮೇಷ್ಟ್ರು ಅಕ್ಕರೆಯಿಂದ. "ಕಷ್ಟದಾಗೆ ಇದೀಯೇನು? ಬೇಕಾದ್ರೆ ಇನ್ನೊಂದು ಕೊಂಡಿ ಹಾಕ್ಕೊಡ್ತೀನಿ."